ಹದಿನೈದು ಸಾವಿರದಾಗ ಒಂದು

ಲಾರಿ ನಿಲ್ಲಲಿಲ್ಲ. ಹುಬ್ಬಳ್ಳಿ ದಾಟಿ ಕಾರವಾರದ ಕಡೆ ಮುಖ ಮಾಡಿದ್ದ ಹತ್ತು ಗಾಲಿಯ ಲಾರಿ. ಕಲಘಟಗಿ ಇನ್ನೇನು ಬಂತು ಅನ್ನುವಷ್ಟರಲ್ಲಿ ರಸ್ತೆಯ ತಗ್ಗಿಗೆ ಧಡಲ್ಲನೆ ಇಳಿದು ಎದ್ದಿತು. ಹಿಂದಿನ ದಿನ ಅಣ್ಣಿಗೇರಿ ಕಡೆಯ ಎರೆಹೊಲದ ದಾರಿಯಲ್ಲಿ ಹಿಂಗಾಲಿಗೆ ಮೆತ್ತಿಕೊಂಡಿದ್ದ ಮಣ್ಣಿನ ಹೆಂಟೆಯೊಂದು ಆ ಏಟಿಗೆ ಕಳಚಿತು. ಗಿರಗಿರ ತಿರುಗಿತು. ರಸ್ತೆಯಂಚಿನ ಕಲ್ಲಿಗೆ ಬಡಿದು ಮೂರು ಹೋಳಾಯಿತು. ನಡುವಿನ ಹೋಳಿನಿಂದ ಒಂದು ಬೀಜ ಹೊರಬಿತ್ತು.

ಉದ್ದ ಸುಮಾರು 2 ಮಿಲಿಮೀಟರ್. ಬಣ್ಣ ಕಪ್ಪು. ಎರಡೂ ಪಕ್ಕೆಗೆ ಒಂದೊಂದು ಒಣಗಿದ ಬರಡು ಹೂ ಅಂಟಿಕೊಂಡಿವೆ, ಬಾವಿಯಲ್ಲಿ ಈಜು ಕಲಿಯುವ ಹುಡುಗರು ಮೈಗೆ ಕಟ್ಟಿಕೊಳ್ಳುವ ಸೋರೆಬುರುಡೆಗಳ ಹಾಗೆ. ಆ ಬುರುಡೆಗಳು ಯಾಕೆ ಬೇಕು ಅನ್ನುವುದು ಅರ್ಧ ತಾಸಿನಲ್ಲೇ ಗೊತ್ತಾಯಿತು. ಮೇ ತಿಂಗಳ ಕೊನೆಯ ವಾರ, ರೋಹಿಣಿ ಮಳೆ. ಪಡುವಣದಿಂದ ಕಪ್ಪಾಗಿ ಬಂದದ್ದು ಒಮ್ಮೆಲೇ ಸುರಿಯಿತು. ರಸ್ತೆಯ ನೀರೆಲ್ಲ ಗಟಾರಕ್ಕೆ ನುಗ್ಗಿತು. ಮಣ್ಣು ಮುಳುಗಿತು, ಕಲ್ಲು ಮುಳುಗಿತು, ಇರುವೆಗಳ ಗೂಡು ಮುಳುಗಿತು. ಬೀಜ ಮಾತ್ರ ತೇಲಿತು. ಗುಟಖಾ ಚೀಟಿ, ತೇಗದ ಎಲೆ, ಯಾರದೋ ಒಂಟಿ ಚಪ್ಪಲಿಯ ಜೊತೆಜೊತೆಗೆ ಓಡಿತು, ಸುಳಿಗೆ ಸಿಕ್ಕಿತು, ಬಿಡಿಸಿಕೊಂಡಿತು, ಕಿರುಸೇತುವೆಯ ಕೆಳಗೆ ಕತ್ತಲಲ್ಲಿ ಹಾದು ಆಚೆ ಬೆಳಕಿಗೆ ಬಂದು, ಕೊನೆಗೆ ಒಂದು ಹೊಲದ ಒಡ್ಡಿಗೆ ಬಡಿದು ಕೆಸರಿನಲ್ಲಿ ಸಿಕ್ಕಿಕೊಂಡಿತು.

ಅದು ನಮ್ಮ ದೊಡ್ಡವ್ವನ ಹೊಲ. ಬೀಜ ಕಾಂಗ್ರೆಸ್ ಕಸದ್ದು. ಪುಸ್ತಕದವರು ಪಾರ್ಥೇನಿಯಂ ಹಿಸ್ಟೆರೊಫೋರಸ್ ಅನ್ನುತ್ತಾರೆ.

ಈ ಒಂದೇ ಬೀಜದ ಬೆನ್ನು ಹತ್ತಿ ನಾನು ಓಡಿದವನಲ್ಲ, ಯಾರಿಗೂ ಅದು ಆಗುವ ಮಾತೂ ಅಲ್ಲ. ಕಥೆ ನಾನು ಹೆಣೆದದ್ದು. ಆದರೆ ಇಲ್ಲಿ ಅದರ ಮೇಲೆ ಬರುವ ಒಂದೊಂದು ಗಂಡಾಂತರವೂ ಆ ಗಿಡದ ಬದುಕಿನಲ್ಲಿ ದಿನಾ ಬರುವಂಥದ್ದೇ. ಶತ್ರುವಿನ ಕಥೆ ಯಾಕೆ ಹೇಳಬೇಕು ಅಂದರೆ, ಇಷ್ಟು ವರ್ಷ ನಾವು ಈ ಕಸವನ್ನು ಒಂದು ಗಿಡ ಅಂತ ತಿಳಿದು ಕಿತ್ತೆವು. ಅದು ಗಿಡವಲ್ಲ, ಒಂದು ಊರು. ಅಲ್ಲಿ ಹಾಲುಗಲ್ಲದ ಕೂಸುಗಳಿವೆ, ಹರೆಯದವರಿದ್ದಾರೆ, ಬಸುರಿಯರಿದ್ದಾರೆ, ಒಣಗಿ ನಿಂತ ಮುದುಕರಿದ್ದಾರೆ. ಎಲ್ಲರಿಗಿಂತ ಹೆಚ್ಚು ಮಂದಿ ನೆಲದೊಳಗೆ ಮಲಗಿದ್ದಾರೆ.

ಲೆಕ್ಕ ನೋಡಿ. ಚೆನ್ನಾಗಿ ಬೆಳೆದ ಒಂದು ಗಿಡ 15,000 ಬೀಜ ಕೊಡಬಲ್ಲದು. ದೊಡ್ಡ ಗಿಡ ಅದನ್ನೂ ಮೀರುತ್ತದೆ. ಆ ಗಿಡದ ಜಾಗಕ್ಕೆ ಮುಂದಿನ ಸಲ ಒಂದೇ ಗಿಡ ನಿಂತರೂ ಸಾಕು, ಊರಿನ ಜನಸಂಖ್ಯೆ ಇದ್ದಷ್ಟೇ ಇರುತ್ತದೆ. ಅಂದರೆ ಉಳಿದ 14,999 ಬೀಜ ಸಾಯುವುದು ಈ ಊರಿನ ಲೆಕ್ಕದಲ್ಲಿ ನಷ್ಟವೇ ಅಲ್ಲ. ಎರಡು ಉಳಿದರೆ ಊರು ಇಮ್ಮಡಿ. ನಮ್ಮ ಬೀಜಕ್ಕೆ ಒಡಹುಟ್ಟಿದವರು ಹದಿನೈದು ಸಾವಿರ, ಬದುಕುವ ಭರವಸೆ ಮಾತ್ರ ಒಂದೋ ಎರಡೋ.

ಮೊದಲ ಗಂಡಾಂತರ ಆ ರೋಹಿಣಿ ಮಳೆಯೇ. ನೆಲ ತೋಯ್ದಿದೆ, ಬೆಚ್ಚಗಿದೆ, ಬೆಳಕಿದೆ. ಒಡ್ಡಿನ ಮೇಲಿದ್ದ ನೂರಾರು ಬೀಜಗಳು ನಂಬಿಬಿಟ್ಟವು. ನಾಲ್ಕೈದು ದಿನದಲ್ಲಿ ಮೊಳಕೆ, ಎರಡು ಎಳೆ ಎಲೆ. ಆಮೇಲೆ ಮಳೆ ಕೈಕೊಟ್ಟಿತು. ಒಂದು ವಾರ ಆಕಾಶ ಬೋಳು. ಮಣ್ಣು ಬಿರಿಯಿತು. ಎಳೆ ಬೇರುಗಳು ಬಿರುಕಿನಲ್ಲಿ ನೂಲಿನಂತೆ ನೇತುಬಿದ್ದು ಒಣಗಿದವು. ನಮ್ಮ ಬೀಜ ಯಾಕೆ ಮೊಳೆಯಲಿಲ್ಲ? ಬುದ್ಧಿಯಿಂದಲ್ಲ. ಈ ಜಾತಿಯ ಬೀಜದ ಮೈಯಲ್ಲೇ ಮೊಳಕೆಯನ್ನು ತಡೆಯುವ ರಸಾಯನಗಳಿರುತ್ತವೆ. ನೀರಿನಲ್ಲಿ ಕರಗಿ ತೊಳೆದುಹೋಗುವವರೆಗೂ ಅವು ಬಾಗಿಲು ಹಿಡಿದು ನಿಲ್ಲುತ್ತವೆ. ಕೆಲವಕ್ಕೆ ಒಂದೇ ಮಳೆ ಸಾಕಾಗುತ್ತದೆ, ಕೆಲವಕ್ಕೆ ಮೂರು ಬೇಕು. ಒಂದೇ ತಾಯಿಯ ಮಕ್ಕಳಲ್ಲೂ ಅವಸರದವರು, ನಿಧಾನದವರು. ನಮ್ಮದು ನಿಧಾನದ್ದು. ಬದುಕಿತು.

ಎರಡನೆಯದು ಟ್ರ್ಯಾಕ್ಟರ್. ಬಿತ್ತಿಗೆ ಮುಂಚೆ ದೊಡ್ಡವ್ವನ ಮಗ ಬಾಡಿಗೆ ಟ್ರ್ಯಾಕ್ಟರ್ ತಂದು ಹೊಲ ಹಸನು ಮಾಡಿಸಿದ. ಉಕ್ಕಿನ ಹಲ್ಲುಗಳು ಒಡ್ಡಿನ ಬುಡವನ್ನೂ ಕೆರೆದುಕೊಂಡು ಹೋದವು. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಐದು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದ ಬೀಜ ಮೊಳೆತು ಮೇಲೆ ಬರುವುದು ತೀರ ಅಪರೂಪ, ಅಷ್ಟು ಪುಟ್ಟ ಬೀಜದ ಬುತ್ತಿ ಅಷ್ಟು ದೂರಕ್ಕೆ ಸಾಲದು. ಹಾಗಂತ ಅಲ್ಲಿ ಬಿದ್ದದ್ದು ಸಾಯುವುದಿಲ್ಲ. ಮೇಲ್ಮೈಯಲ್ಲಿ ಬಿಸಿಲಿಗೆ ಬಿದ್ದ ಬೀಜ ಬೇಗ ಕೆಡುತ್ತದೆ, ಹೂತುಹೋದದ್ದು ಕಾಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಬೀಜಗಳನ್ನು ಹೂತಿಟ್ಟು ಎರಡು ವರ್ಷದ ಮೇಲೆ ತೆಗೆದು ನೋಡಿದರೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಇನ್ನೂ ಜೀವಂತ. ಕಲಘಟಗಿ ಅಂದರೆ ಜನರಿಗೆ ತೊಟ್ಟಿಲು ನೆನಪಾಗುತ್ತದೆ. ಅರಗಿನ ಬಣ್ಣ ಹಚ್ಚಿ, ಕೃಷ್ಣನನ್ನೂ ರಾಮನನ್ನೂ ಚಿತ್ರಿಸಿ, ಚೊಚ್ಚಲ ಕೂಸಿಗೆ ಅಂತ ದೂರದೂರಿಂದ ಬಂದು ಒಯ್ಯುವ ತೊಟ್ಟಿಲು. ಊರಿನ ಹೊಲಗಳ ಅಡಿಯಲ್ಲಿ ಇನ್ನೊಂದು ತೊಟ್ಟಿಲಿದೆ. ಅದಕ್ಕೆ ಬಣ್ಣವಿಲ್ಲ, ತೂಗುವವರಿಲ್ಲ. ಒಳಗಿನ ಕೂಸುಗಳನ್ನು ಯಾರೂ ಎಣಿಸಿಲ್ಲ.

ನಮ್ಮ ಬೀಜ ಉಕ್ಕಿನ ಹಲ್ಲಿನ ಅಂಚಿಗೆ ಸಿಕ್ಕಿ ಪಕ್ಕಕ್ಕೆ ಸಿಡಿಯಿತು. ಒಂದು ಬೆರಳಿನಗಲ ಮಣ್ಣೂ ಅದರ ಮೇಲಿಲ್ಲ. ಸರಿಯಾದ ಜಾಗ!

ಜೂನ್ ಎಂಟರ ಸುಮಾರಿಗೆ ಮಿರಗ ಮಳೆ ಕೂಡಿತು. ಈ ಸಲದ್ದು ಸುಳ್ಳು ಮಳೆಯಲ್ಲ. ಎರಡು ದಿನ ಜಿಟಿಜಿಟಿ, ಮೂರನೆಯ ದಿನ ಜೋರು. ಬೀಜದ ಬಾಗಿಲು ಹಿಡಿದಿದ್ದ ರಸಾಯನ ಕರಗಿ ಹೋಯಿತು. ಸಿಪ್ಪೆ ಬಿರಿಯಿತು. ಬೇರು ಕೆಳಗೆ, ಎರಡು ಎಲೆ ಮೇಲೆ. ಕಣ್ಣು ಬಿಟ್ಟು ನೋಡಿದರೆ ಸುತ್ತ ಜಾತ್ರೆ.

ಆ ವಾರ ನಾನು ಊರಲ್ಲಿದ್ದೆ. ಒಡ್ಡಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಎರಡು ಅಂಗೈಯಗಲದ ಜಾಗ ಗುರುತು ಮಾಡಿ ಸಸಿ ಎಣಿಸತೊಡಗಿದೆ. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ. ದೊಡ್ಡವ್ವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಏನ್ ಎಣಸಾಕತ್ತಿ ತಮ್ಮಾ, ರೊಕ್ಕೇನು?"

"ಕಸ ಎಣಸಾಕತ್ತೀನಿ ದೊಡ್ಡವ್ವಾ."

"ಎಣಿಸಿದ್ರ ಕಡಿಮಿ ಅಕ್ಕಾವನು?"

ಕಡಿಮೆ ಆಗುವುದಿಲ್ಲ. ಆದರೆ ಎಣಿಸಿದಾಗ ಊರಿನ ಆಕಾರ ಕಾಣುತ್ತದೆ. ಸಸಿಗಳು ಲೆಕ್ಕ ತಪ್ಪುವಷ್ಟು. ನೆಲಕ್ಕೆ ಅಂಟಿ ಎಲೆ ಹರಡಿದವು ಅದರಲ್ಲಿ ಬೆರಳೆಣಿಕೆ. ಹಿಂದಿನ ಬೇಸಿಗೆಯ ತೇವದಲ್ಲಿ ಹುಟ್ಟಿ ಆಗಲೇ ಕಾಂಡ ಎತ್ತಿದ್ದು ಎರಡು. ಒಣಗಿದ ಅಸ್ಥಿಪಂಜರ ಒಂದು. ಬುಡ ಅಗಲ, ತುದಿ ಚೂಪು: ಗೋಪುರವಿದ್ದ ಹಾಗೆ. ಜೀವಶಾಸ್ತ್ರದವರು ಒಂದು ಸಸ್ಯಸಮೂಹ ಏಳುತ್ತಿದೆಯೋ ಬೀಳುತ್ತಿದೆಯೋ ಅನ್ನುವುದನ್ನು ಈ ಗೋಪುರದ ಆಕಾರ ನೋಡಿ ಅಂದಾಜು ಮಾಡುತ್ತಾರೆ. ಬರೀ ಮುದುಕರೇ ತುಂಬಿದ ಊರಿಗೆ ನಾಳೆ ಇಲ್ಲ. ಕೂಸುಗಳೇ ತುಂಬಿದ ಊರನ್ನು ನೋಡಿ ಹೆದರಬೇಕು. ಕಾಂಗ್ರೆಸ್ ಕಸದ ವಿಷಯದಲ್ಲಿ ಇನ್ನೊಂದು ಚಮತ್ಕಾರವಿದೆ: ವರ್ಷಕ್ಕೆ ಒಂದೇ ಪೀಳಿಗೆ ಅಲ್ಲ. ತೇವ ಸಿಕ್ಕರೆ ಮೂರು, ನಾಲ್ಕು. ಹಾಗಾಗಿ ಯಾವ ತಿಂಗಳು ಹೋಗಿ ನೋಡಿದರೂ ಎಲ್ಲ ವಯಸ್ಸಿನವರೂ ಒಟ್ಟಿಗೆ ಮನೆಯಲ್ಲಿರುತ್ತಾರೆ.

ಮೂರನೆಯ ಗಂಡಾಂತರ ಶುರುವಾದದ್ದು ಆಗ. ಶತ್ರು ಬೇರೆ ಯಾರೂ ಅಲ್ಲ, ಒಡಹುಟ್ಟಿದವರೇ. ಎರಡು ಅಂಗೈಯಗಲದಲ್ಲಿ ಎಪ್ಪತ್ತು ಮಂದಿ ನಿಂತರೆ ಎಷ್ಟು ಜನಕ್ಕೆ ಬಿಸಿಲು, ಎಷ್ಟು ಜನಕ್ಕೆ ನೀರು? ಎರಡು ದಿನ ಮೊದಲು ಹುಟ್ಟಿದವನು ಎಲೆ ಚಾಚಿ ಪಕ್ಕದವನ ತಲೆ ಮುಚ್ಚುತ್ತಾನೆ. ಮುಚ್ಚಿಸಿಕೊಂಡವನು ಹಳದಿಯಾಗುತ್ತಾನೆ, ಬಾಗುತ್ತಾನೆ, ಒಂದು ಸಂಜೆ ಇಲ್ಲ. ಯಾರೂ ಕೀಳಲಿಲ್ಲ, ಯಾರೂ ಮೇಯಲಿಲ್ಲ, ಆದರೂ ಆರಿದ್ರಾ ಹೊತ್ತಿಗೆ ಎಪ್ಪತ್ತರಲ್ಲಿ ಹತ್ತೋ ಹನ್ನೆರಡೋ ಉಳಿದಿದ್ದವು. ನಮ್ಮ ಸಸಿ ಒಡ್ಡಿನ ಅಂಚಿನಲ್ಲಿತ್ತು, ಒಂದು ಮಗ್ಗುಲು ಬರೀ ಗಾಳಿ. ಅಂಚಿನಲ್ಲಿದ್ದವನಿಗೆ ಆಚೆ ಕಡೆ ಪೈಪೋಟಿ ಇಲ್ಲ. ಎಲೆ ಆ ಕಡೆಗೇ ಹರಡಿತು.

ಈಗ ಅದು ಮಲಗಿದ ವಯಸ್ಸು. ಕಾಂಡವಿಲ್ಲ. ಸೇವಂತಿಗೆಯಂತೆ ಕತ್ತರಿ ಕತ್ತರಿ ಎಲೆಗಳು ಗುಂಡಗೆ, ನೆಲಕ್ಕೆ ಅಂಟಿ, ತಟ್ಟೆಯ ಹಾಗೆ ಹರಡಿವೆ. ನೋಡಲು ಸಾಧು. ನನಗೆ ಈ ಗಿಡದ ಬದುಕಿನಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವ ಹಂತ ಇದೇ. ಎತ್ತಿನ ಕಾಲಿಗೆ ಸಿಕ್ಕರೆ ನಲುಗುತ್ತದೆ, ಸಾಯುವುದಿಲ್ಲ. ಗಾಯರಾಣದಲ್ಲಿ ದನ ಹುಲ್ಲು ಹುಡುಕಿ ಹುಡುಕಿ ಮೇಯುತ್ತದೆ, ಇದನ್ನು ಮೂಸಿ ಬಿಡುತ್ತದೆ. ಹೀಗೆ ಹುಲ್ಲನ್ನು ದನವೇ ತೆಗೆದುಕೊಟ್ಟ ಜಾಗದಲ್ಲಿ ಎಲೆಯ ತಟ್ಟೆ ಇನ್ನಷ್ಟು ಹರಡುತ್ತದೆ. ಅದರ ಕೆಳಗೆ ಬೇರೆ ಯಾವುದೂ ಮೊಳೆಯುವುದಿಲ್ಲ. ಬೇರಿನಿಂದಲೂ ಕೊಳೆತ ಎಲೆಯಿಂದಲೂ ಮಣ್ಣಿಗೆ ಇಳಿಯುವ ವಿಷ ನೆರೆಹೊರೆಯ ಬೀಜಗಳನ್ನು ತಡೆಯುತ್ತದೆ. ತನ್ನ ಮಕ್ಕಳನ್ನೂ ಒಂದಿಷ್ಟು ಕಾಲ ತಡೆಯುತ್ತದೆ. ಹಿರಿಯ ಗಿಡ ನಿಂತಿರುವಷ್ಟು ದಿನ ಅದರ ಬುಡದಲ್ಲಿ ಕೂಸುಗಳು ತಲೆ ಎತ್ತುವುದು ಕಡಿಮೆ. ಹಿರಿಯನನ್ನು ಕಿತ್ತು ಒಗೆದು ಒಂದು ಮಳೆ ಆಗಲಿ, ನೋಡಿ.

ಗೋವಿನಜೋಳ ಮೊಣಕಾಲೆತ್ತರ ಬಂದಾಗ ಎಡೆ ಹೊಡೆದರು. ಕುಂಟೆ ಸಾಲಿನ ನಡುವೆ ಬಂತು, ತಿರುವಿನಲ್ಲಿ ಒಡ್ಡಿಗೆ ಹತ್ತಿತು, ಕಬ್ಬಿಣದ ತಾಳು ನಮ್ಮ ಗಿಡದ ಬುಡಕ್ಕೆ ಬಂತು. ಕರ್ರ್! ಎಲೆಯ ತಟ್ಟೆ ಪೂರ್ತಿ ಹಾರಿಹೋಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ತಾಳು ಇನ್ನೊಂದು ಬೆರಳು ಕೆಳಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಬೇರಿನ ತಲೆ ಮಣ್ಣಿನಲ್ಲಿ ಉಳಿಯಿತು. ಈ ಗಿಡವನ್ನು ಮೇಲೆ ಮೇಲೆ ಕೊಯ್ದರೆ ಬುಡದ ಮಗ್ಗುಲಿನಿಂದ ಹೊಸ ಕುಡಿ ಒಡೆಯುತ್ತದೆ. ಕುಡಗೋಲಿನಿಂದ ಸವರಿ ಊರು ಚೊಕ್ಕಟ ಆಯಿತು ಅಂದುಕೊಳ್ಳುವವರಿಗೆ ಇದು ಹದಿನೈದು ದಿನದ ಮೇಲೆ ತಿಳಿಯುತ್ತದೆ. ನಮ್ಮ ಗಿಡಕ್ಕೆ ಒಂದು ಕುಡಿ ಹೋಗಿ ಮೂರು ಬಂದವು.

ಇದೆಲ್ಲ ಕಲಿತದ್ದು ಎಲ್ಲಿ? ನಮ್ಮ ನೆಲದಲ್ಲಲ್ಲ. ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಬಿಸಿಲುನಾಡು ಇದರ ತವರು. ಭಾರತದ ಹೊಸ ಸಸ್ಯ ಅಂತ ಪುಣೆಯಿಂದ ಇದರ ವರದಿ ಅಚ್ಚಾದದ್ದು 1956ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ. ಬರೆದವರು ಆರ್. ಎಸ್. ರಾವ್. ಅಮೆರಿಕದಿಂದ ಪಿ.ಎಲ್. 480 ಯೋಜನೆಯಲ್ಲಿ ಬಂದ ಗೋದಿಯ ಜೊತೆ ಇದು ಬಂತು ಅಂತ ನಮ್ಮ ಕಟ್ಟೆಗಳ ಮೇಲೆ ಈಗಲೂ ಹೇಳುತ್ತಾರೆ. ಕಾಂಗ್ರೆಸ್ ಆಳ್ವಿಕೆಯಲ್ಲಿ ಬಂದದ್ದಕ್ಕೇ ಆ ಹೆಸರು ಅನ್ನುವವರುಂಟು, ಬಿಳಿ ಹೂ ಗಾಂಧಿ ಟೋಪಿಯಂತೆ ಕಾಣುವುದಕ್ಕೆ ಅನ್ನುವವರೂ ಉಂಟು. ಗೋದಿಯ ಕಥೆ ಕೇಳಲು ಚೆಂದ, ಆದರೆ ತಾರೀಖು ಕೂಡುವುದಿಲ್ಲ: ಭಾರತ ಆ ಕರಾರಿಗೆ ಮೊದಲ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಗಿಡ ಅದಕ್ಕೆ ಮುಂಚೆಯೇ ಪುಣೆಯಲ್ಲಿ ನಿಂತಿತ್ತು. ಆಮೇಲೆ ಬಂದ ಗೋದಿಯ ಚೀಲಗಳು ಇದನ್ನು ಇನ್ನಷ್ಟು ಹಂಚಿರಬಹುದು, ಮೊದಲ ಕೂಸನ್ನು ಹೊತ್ತು ತಂದ ಅಪವಾದ ಅವುಗಳ ಮೇಲೆ ಹೊರಿಸುವುದು ಕಷ್ಟ. ಪುಣೆಯಿಂದ ನಮ್ಮ ಕಡೆಗೆ ದಾರಿ ದೂರವಲ್ಲ. ರೈಲು, ಲಾರಿ, ದನದ ಸಂತೆ, ಮೇವಿನ ಹೊರೆ, ತಿಪ್ಪೆ ಗೊಬ್ಬರ. 1975ರ ಹೊತ್ತಿಗೆ ಕರ್ನಾಟಕ ಸರ್ಕಾರ ಇದನ್ನು ಕಾನೂನಿನಲ್ಲೇ ಪೀಡೆ ಅಂತ ಘೋಷಿಸಬೇಕಾಯಿತು. ನೋಟೀಸು ಓದಲು ಬಾರದ ಗಿಡ ಆರಾಮಾಗಿ ಬೆಳೆಯಿತು.

ಪೀಡೆ ಅನ್ನುವುದಕ್ಕೆ ದೊಡ್ಡವ್ವನ ಮೊಣಕೈ ಸಾಕ್ಷಿ. ಮೂವತ್ತು ವರ್ಷ ಬರಿಗೈಯಲ್ಲಿ ಕಸ ತೆಗೆದವಳು. ಮೊಣಕೈಯ ಮಡಿಕೆ, ಕುತ್ತಿಗೆ, ಕಣ್ಣಿನ ರೆಪ್ಪೆ, ಎಲ್ಲೆಲ್ಲಿ ಸೀರೆ ಮುಚ್ಚುವುದಿಲ್ಲವೋ ಅಲ್ಲೆಲ್ಲ ಚರ್ಮ ಕಪ್ಪಾಗಿ ದಪ್ಪಗಟ್ಟಿದೆ. ಬಿಸಿಲಿಗೆ ಉರಿ, ರಾತ್ರಿ ತುರಿಕೆ. ಗಿಡದ ಪಾರ್ಥೆನಿನ್ ಎಂಬ ವಿಷದ ಕೆಲಸ ಅದು, ಮೈ ಒಮ್ಮೆ ಅದರ ಮೇಲೆ ಮುನಿಸಿಕೊಂಡರೆ ಮತ್ತೆ ರಾಜಿಯಾಗುವುದಿಲ್ಲ. ಎಮ್ಮೆ ಮೇವಿನ ಜೊತೆ ತಿಂದರೆ ಹಾಲು ಕಹಿ. ಇದನ್ನೇ ಹೆಚ್ಚಾಗಿ ತಿನ್ನಿಸಿದ ಪ್ರಯೋಗಗಳಲ್ಲಿ ಎಮ್ಮೆಗಳು ಸತ್ತದ್ದೂ ಇದೆ. ಕಾಂಚನ್ ಮತ್ತು ಜಯಚಂದ್ರ ಎಂಬ ವಿಜ್ಞಾನಿಗಳು ಬೆಂಗಳೂರಿನಲ್ಲಿ ಕೆಲಸ ಮಾಡಿ 1980ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಇದರ ಪರಾಗ ಹಾರಿ ಬೇರೆ ಬೆಳೆಯ ಹೂವಿನ ಮೇಲೆ ಕುಳಿತರೆ ಅಲ್ಲಿ ಕಾಯಿ ಕಟ್ಟುವುದೂ ಕಡಿಮೆಯಾಗುತ್ತದೆ. ದೂರ ನಿಂತೇ ಹೊಡೆಯುವ ಶತ್ರು.

ಪುಷ್ಯ ಮಳೆ. ಮೂರು ಕುಡಿಯೂ ಕಾಂಡವಾಗಿ ಏಳತೊಡಗಿದವು. ಇನ್ನು ಹತ್ತು ದಿನಕ್ಕೆ ಮೊಗ್ಗು. ಅಷ್ಟರಲ್ಲಿ ಒಂದು ಬೆಳಿಗ್ಗೆ ಎಲೆಯ ಅಡಿಯಲ್ಲಿ ಹಳದಿ ಚುಕ್ಕೆಗಳು.

ಅವು ಮೊಟ್ಟೆ. ಇಟ್ಟದ್ದು ಕೆನೆಬಣ್ಣದ ಬೆನ್ನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿ, ಜೈಗೊಗ್ರಾಮಾ ಬೈಕೊಲೊರೇಟಾ. ಇದೂ ಮೆಕ್ಸಿಕೋದ್ದೇ, ಗಿಡದ ತವರಿನ ಹಳೆಯ ವೈರಿ. ಕೆ. ಪಿ. ಜಯಂತ್ ಮತ್ತು ಅವರ ಸಂಗಡಿಗರು ಇದನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಾಕಿ ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಿಟ್ಟರು. ಮೊದಲ ಕೆಲವು ವರ್ಷ ಸದ್ದಿಲ್ಲ. ಆಮೇಲೆ ಮಳೆಗಾಲದಲ್ಲಿ ಬೆಂಗಳೂರಿನ ಸುತ್ತ ಕಾಂಗ್ರೆಸ್ ಕಸ ಎಲೆಯಿಲ್ಲದೆ ಬರೀ ಕಡ್ಡಿಯಾಗಿ ನಿಲ್ಲತೊಡಗಿತು. ತೊಂಬತ್ತರ ದಶಕದ ಆರಂಭದಲ್ಲಿ ಅದೇ ದುಂಬಿ ಸೂರ್ಯಕಾಂತಿಯ ಎಲೆಯ ಮೇಲೆ ಕಂಡು ದೊಡ್ಡ ಗಲಾಟೆಯೂ ಆಯಿತು, ಆಮೇಲೆ ತಣ್ಣಗಾಯಿತು. ದುಂಬಿ ತಾನಾಗಿ ಹರಡುತ್ತಲೇ ಹೋಯಿತು.

ಮೊಟ್ಟೆ ಒಡೆದು ಹುಳುಗಳು ಹೊರಬಂದವು. ಮೊದಲು ಹೋದದ್ದು ಮೊಗ್ಗಿನ ತುದಿಗೇ. ಹಗಲೆಲ್ಲ ತಿಂದವು, ರಾತ್ರಿಯೆಲ್ಲ ತಿಂದವು. ಮೊದಲ ಕುಡಿ ಹೋಯಿತು. ಎರಡನೆಯದರ ಎಲೆ ನರವೊಂದು ಉಳಿದು ಜಾಲರಿಯಾಯಿತು. ಒಡ್ಡಿನ ಮೇಲೆ ಸೊಂಟದೆತ್ತರ ಬೆಳೆದು ಮೆರೆಯುತ್ತಿದ್ದ ಅಣ್ಣಂದಿರು, ಅಂದರೆ ಕುಂಟೆಗೆ ಸಿಗದೆ ಉಳಿದವರು, ವಾರದಲ್ಲಿ ಬೋಳು ಕೋಲಾದರು. ಅವರ ಮೊಗ್ಗು ಹೂವಾಗಲೇ ಇಲ್ಲ. ಹುಳುಗಳು ನಮ್ಮ ಗಿಡದ ಮೂರನೆಯ ಕುಡಿಗೆ ಹತ್ತಿದವು. ತುದಿಗೆ ಇನ್ನು ಎರಡು ಬೆರಳು. ಒಂದು ಬೆರಳು. ಅಲ್ಲಿಗೆ ನಿಂತವು. ಹೊಟ್ಟೆ ತುಂಬಿದ ಹುಳು ಮಣ್ಣಿಗಿಳಿದು ಕೋಶ ಕಟ್ಟುವ ಕಾಲ ಬಂದಿತ್ತು. ಒಂದೊಂದಾಗಿ ಉದುರಿದವು, ಮಣ್ಣು ಸೇರಿದವು.

ದುಂಬಿಯ ಮುಂದಿನ ಪೀಳಿಗೆ ಬರುತ್ತದೆ, ನಿಜ. ಆದರೆ ಮಳೆ ಮುಗಿದು ಚಳಿ ಹತ್ತಿದಂತೆ ಈ ದುಂಬಿಗಳು ಮಣ್ಣಿನಲ್ಲಿ ಹುದುಗಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತವೆ. ಗಿಡ ನಿದ್ದೆ ಹೋಗುವುದಿಲ್ಲ. ಆಗಸ್ಟಿನಲ್ಲಿ ಹುಟ್ಟಿದ ಪೀಳಿಗೆಯನ್ನು ದುಂಬಿ ತಿಂದರೆ, ಹಿಂಗಾರಿ ತೇವದಲ್ಲಿ ಹುಟ್ಟುವ ಪೀಳಿಗೆಗೆ ತಿನ್ನುವವರೇ ಇಲ್ಲ. ಊರಿನಲ್ಲಿ ಎಲ್ಲ ವಯಸ್ಸಿನವರೂ ಇರುವುದರ ಲಾಭ ಇದು. ಒಂದು ದಾಳಿಗೆ ಒಂದು ವಯಸ್ಸು ಮಾತ್ರ ಸಿಗುತ್ತದೆ.

ಧಾರವಾಡದವರು ಬೇರೆ ದಾರಿ ಹಿಡಿದರು. ಎತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪ ಮೂಲತಃ ಭತ್ತದ ತಳಿ ವಿಜ್ಞಾನಿ, ಆದರೆ ಕಾಂಗ್ರೆಸ್ ಕಸದ ಬೆನ್ನು ಹತ್ತಿದ್ದು ಸ್ವಂತ ಜಗಳದಂತೆ. ಪಾರ್ಥೇನಿಯಂ ನಿರ್ವಹಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ನಡೆದದ್ದು ಅಲ್ಲೇ. ನಮ್ಮ ಒಡ್ಡಿನ ಮೇಲಿನ ಪೀಡೆಗಾಗಿ ಹೊರದೇಶದವರು ಧಾರವಾಡಕ್ಕೆ ಬಂದರು! ಅವರೆಲ್ಲ ಮಾತಾಡಿದ ಉಪಾಯಗಳಲ್ಲಿ ನನಗೆ ರುಚಿಸುವುದು ಗಿಡಕ್ಕೆ ಗಿಡವನ್ನೇ ಎದುರು ನಿಲ್ಲಿಸುವುದು. ತಗಚಿಯ ಸಂಬಂಧಿಕ ಕ್ಯಾಸಿಯಾ ಸೆರಿಸಿಯಾ, ಅದರ ಬೀಜವನ್ನು ಮುಂಗಾರಿಗೆ ಮುನ್ನ ರಸ್ತೆ ಬದಿಗೆ, ಪಾಳು ನೆಲಕ್ಕೆ ಚೆಲ್ಲುವುದು. ಅದು ದಟ್ಟವಾಗಿ ಎದ್ದು ನೆರಳು ಕವಿಸಿ, ಕಾಂಗ್ರೆಸ್ ಕಸದ ಕೂಸುಗಳನ್ನೇ ಉಸಿರುಗಟ್ಟಿಸುತ್ತದೆ. ಹಿರಿಯರ ಮೇಲಲ್ಲ, ತೊಟ್ಟಿಲ ಮೇಲೆ ದಾಳಿ. ಆ ಕ್ಯಾಸಿಯಾ ಕೂಡ ಅಮೆರಿಕ ಖಂಡದಿಂದ ಬಂದದ್ದೇ, ಒಂದು ಕಸ ಕಳೆದು ಇನ್ನೊಂದು ಕಸ ತಂದಂತಾಗಲಿಲ್ಲವೇ ಅಂತ ಕೇಳುವವರ ಮಾತಿನಲ್ಲೂ ಹುರುಳಿದೆ. ಆದರೂ ಅದು ದೊಡ್ಡವ್ವನ ಮೊಣಕೈ ಸುಡುವುದಿಲ್ಲ. ನನ್ನ ಮತ ಅದಕ್ಕೇ.

ದೊಡ್ಡವ್ವನ ಒಡ್ಡಿನ ಮೇಲೆ ಆ ಕ್ಯಾಸಿಯಾ ಇರಲಿಲ್ಲ. ಮೂರನೆಯ ಕುಡಿ ಎದ್ದಿತು.

ಎದ್ದದ್ದು ಸಣಕಲಾಗಿ. ಸೊಂಟದೆತ್ತರ, ಆಳೆತ್ತರ ಬೆಳೆಯಬಲ್ಲ ಗಿಡ ಮೊಣಕಾಲಿಗೂ ಬರಲಿಲ್ಲ. ಆದರೆ ಈ ಜಾತಿಗೆ ಎತ್ತರದ ಹಟವಿಲ್ಲ. ಹಸಿವಿನಲ್ಲಿ, ಗಾಯದಲ್ಲಿ, ಗೇಣುದ್ದದ ಮೈಯಲ್ಲೂ ಹೂ ಬಿಡುತ್ತದೆ. ಹಸ್ತದ ಮಳೆ ಹನಿಯುತ್ತಿರುವಾಗ ತುದಿಯಲ್ಲಿ ಹನ್ನೆರಡು ಬಿಳಿ ಹೂ ಅರಳಿದವು. ನಾವು ಒಂದು ಹೂ ಅನ್ನುವುದು ನಿಜಕ್ಕೂ ಹತ್ತಾರು ಹೂಗಳ ಗೊಂಚಲು. ಅದರ ಅಂಚಿನ ಐದು ಹೂ ಮಾತ್ರ ಬೀಜ ಕಟ್ಟುತ್ತವೆ. ಹನ್ನೆರಡೈದಲೆ ಅರವತ್ತು. ಹದಿನೈದು ಸಾವಿರವೆಲ್ಲಿ, ಅರವತ್ತೆಲ್ಲಿ! ಆದರೆ ಊರು ಉಳಿಯಲು ಬೇಕಾದದ್ದು ಒಂದು.

ಶೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಪೈರು ಬಸುರಿ. ಬಯಕೆಯೂಟ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲುತ್ತಾರೆ. ದೊಡ್ಡವ್ವ ಬುಟ್ಟಿ ಹೊತ್ತು ಮುಂದೆ, ಸೊಸೆಯಂದಿರು ಹಿಂದೆ, ನಾನು ನೀರಿನ ತಂಬಿಗೆ ಹಿಡಿದು ಎಲ್ಲರ ಹಿಂದೆ. ಗೋವಿನಜೋಳ ತೆನೆ ಬಲಿತು ನಿಂತಿದೆ, ಕೆಳಗಿನ ಗದ್ದೆಯಲ್ಲಿ ಭತ್ತ ತಲೆ ಬಾಗಿದೆ. ಚರಗ ಚೆಲ್ಲುತ್ತ ಒಡ್ಡಿನ ಮೇಲೆ ಬಂದವಳು ಸರಕ್ಕನೆ ನಿಂತಳು. ಅಲ್ಲಿ ಇನ್ನೊಬ್ಬಳು ಬಸುರಿ ನಿಂತಿದ್ದಳು, ಯಾರೂ ಕರೆಯದೆ.

ಹೊಸ ಸೀರೆ ಉಟ್ಟಿದ್ದ ಚಿಕ್ಕ ಸೊಸೆ ಕೈ ಚಾಚಿದಳು, ಕೀಳಲು.

"ಮುಟ್ಟಬ್ಯಾಡವಾ! ತಡಿ."

ಸೊಸೆ ಕೈ ಹಿಂದಕ್ಕೆಳೆದುಕೊಂಡಳು. ದೊಡ್ಡವ್ವ ಬುಟ್ಟಿ ಇಳಿಸಿ ಕೂತಳು. ಒಂದು ಹೂವಿನ ತಲೆಯನ್ನು ಉಗುರ ತುದಿಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿದಳು. ಬಿಳಿ ಹೋಗಿ ಕಂದು ತಿರುಗಿದೆ. ಮೆಲ್ಲಗೆ ಮುಟ್ಟಿದ್ದಕ್ಕೇ ಎರಡು ಕಪ್ಪು ಕಾಳು ಉದುರಿ ಅವಳ ಸೆರಗಿನ ಮೇಲೆ ಬಿದ್ದವು.

"ನೋಡು, ಇದನ್ನ ಈಗ ಜಗ್ಗಿ ಕಿತ್ತರ ಬಿತ್ತಿದಂಗ ಅಕ್ಕೈತಿ. ಕಿತ್ತು ಒಡ್ಡಿನ ಮ್ಯಾಲೆ ಒಗದ್ರಂತೂ ಮುಗೀತು, ಅಲ್ಲೇ ಮಲ್ಕೊಂಡು ಹಡೀತಾಳ ಇಕಿ."

ಚರಗದ ಬುಟ್ಟಿ ಮುಚ್ಚಿದ್ದ ಬಟ್ಟೆ ತೆಗೆದಳು. ಗಿಡದ ತಲೆಯ ಮೇಲೆ ಚೀಲದಂತೆ ಇಳಿಸಿ, ಕುತ್ತಿಗೆಯಲ್ಲಿ ಬಿಗಿದು, ಆಮೇಲೆ ಇನ್ನೊಂದು ಬಟ್ಟೆ ಕೈಗೆ ಸುತ್ತಿಕೊಂಡು ಬುಡಕ್ಕೆ ಕೈ ಹಾಕಿದಳು. ಮಳೆಯ ನೆಲ, ಬೇರು ಉದ್ದಕ್ಕೂ ಬಂತು. ಕುಂಟೆ ಕೊಯ್ದ ಗಾಯದ ಗಂಟು ಬೇರಿನ ತಲೆಯಲ್ಲಿ ಕಾಣುತ್ತಿತ್ತು. ಗಂಟು ಕಟ್ಟಿದ ಬಟ್ಟೆಯನ್ನು ಹಾಗೇ ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕಿದಳು, ಬಟ್ಟೆ ಸಮೇತ.

ಆದರೆ ಸೆರಗಿನ ಮೇಲೆ ಬಿದ್ದ ಎರಡು ಕಾಳು? ದಾರಿಯುದ್ದಕ್ಕೂ ಹುಡುಕಿದೆವು. ಒಂದು ಸಿಕ್ಕಿತು, ನೆರಿಗೆಯೊಳಗೆ. ಇನ್ನೊಂದು ಸಿಗಲಿಲ್ಲ. ಬಟ್ಟೆ ಬಿಗಿಯುವ ಮುಂಚೆ ಗಾಳಿಗೆ ಎಷ್ಟು ಉದುರಿದ್ದವೋ ಅದೂ ಗೊತ್ತಿಲ್ಲ.

ದೊಡ್ಡವ್ವನ ತಲೆಗೆ ಅವತ್ತು ಏನೋ ಹೊಕ್ಕಿತು. ಮರುದಿನ ಬೆಳಿಗ್ಗೆ ಕುರ್ಪಿ ಹಿಡಿದು ಒಡ್ಡಿಗೆ ಹೋದವಳು ಹೂವಿನ ಗಿಡಗಳ ಕಡೆ ನೋಡಲೇ ಇಲ್ಲ. ಬಗ್ಗಿ, ನೆಲಕ್ಕಂಟಿ ಮಲಗಿದವನ್ನು ಮಾತ್ರ ಹುಡುಕಿದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಕುರ್ಪಿ ಬೆರಳುದ್ದ ಆಳಕ್ಕೆ ಇಳಿಸಿ, ಬೇರಿನ ತಲೆ ಸಮೇತ ಎಬ್ಬಿಸಿದಳು.

"ಹೂವಾಗಿದ್ದು ಎಲ್ಲಾರ ಕಣ್ಣಿಗೂ ಕಾಣ್ತೈತಿ, ಅದಕ್ಕ ಅದನ್ನ ಕೀ‌ಳ್ತಾರ. ಮಲ್ಕೊಂಡಿದ್ದು ಯಾರಿಗೂ ಕಾಣೂದಿಲ್ಲ ನೋಡ ತಮ್ಮಾ. ನಿನ್ನ ಎಣಿಕ್ಯಾಗ ಇಂಥಾವು ಎಷ್ಟಿದ್ದೂವು?"

"ಹತ್ತೋ ಹನ್ನೆರಡೋ."

"ಹೌದು? ಹಂಗಾರ ಎಪ್ಪತ್ತಕ್ಕ ಯಾಕ ಹೆದರಿದ್ದಿ?"

ಆ ಪ್ರಶ್ನೆ ನನಗೆ ಅಷ್ಟು ಬೇಗ ಅರ್ಥವಾಗಲಿಲ್ಲ. ಎಪ್ಪತ್ತರಲ್ಲಿ ಅರವತ್ತನ್ನು ಗಿಡವೇ ಕೊಲ್ಲುತ್ತದೆ, ನಾವು ಕೊಲ್ಲಬೇಕಾದದ್ದು ಉಳಿದ ಹತ್ತನ್ನು, ಅದೂ ಕಾಂಡ ಏಳುವ ಮೊದಲಿನ ಎರಡು ಮೂರು ವಾರದಲ್ಲಿ. ಗೋಪುರದ ನಡುವೆ ಒಂದು ಕಿರಿದಾದ ಸೊಂಟವಿದೆ. ಕೂಸುಗಳು ಅಸಂಖ್ಯ, ಬೀಜ ಅಸಂಖ್ಯ, ಮಲಗಿದವರು ಮಾತ್ರ ಎಣಿಸುವಷ್ಟು. ನಾನು ಕಾಗದದ ಮೇಲೆ ಗೋಪುರ ಬರೆದುಕೊಂಡು ಓಡಾಡುತ್ತಿದ್ದೆ. ಅವಳು ಕುರ್ಪಿಯನ್ನು ನೇರ ಸೊಂಟಕ್ಕೇ ಇಟ್ಟಳು.

ಸ್ವಾತಿ ಮಳೆ ಹನಿಸಿ ಹೋಯಿತು. ಗೋವಿನಜೋಳ ಮುರಿದಾಗಿತ್ತು, ಕಡಲೆ ಬಿತ್ತಬೇಕು. ಮಿಶ್ರಿಕೋಟಿ ಕಡೆಯ ಹೊಲ ಮುಗಿಸಿಕೊಂಡು ಬಾಡಿಗೆ ಟ್ರ್ಯಾಕ್ಟರ್ ಬಂತು. ದೊಡ್ಡ ಗಾಲಿಗಳ ತುಂಬ ಎರೆಮಣ್ಣು, ಸಂದಿಸಂದಿಯಲ್ಲೂ ಹೆಂಟೆ. ಒಡ್ಡು ಹತ್ತಿ ಇನ್ನೇನು ಹೊಲಕ್ಕೆ ಇಳಿಯಬೇಕು, ದೊಡ್ಡವ್ವ ಅಡ್ಡ ಬಂದು ನಿಂತಳು. ಡ್ರೈವರ್ ಹುಡುಗ ಬ್ರೇಕ್ ತುಳಿದ ರಭಸಕ್ಕೆ ಟ್ರ್ಯಾಕ್ಟರ್ ಮುಗ್ಗರಿಸಿತು.

"ಯವ್ವಾ, ಸಾಯಾಕ ಬಂದೀ ಏನ? ಸರಿ ಆ ಕಡೆ!"

"ಬಂದ್ ಮಾಡೋ ಗಾಡಿ."

ಬಂದ್ ಮಾಡಿದ. ಅವಳು ಗಾಲಿಯ ಬುಡದಲ್ಲಿ ಕೂತು ಕುರ್ಪಿಯಿಂದ ಹೆಂಟೆ ಕೀಳತೊಡಗಿದಳು. ಒಂದೊಂದನ್ನೂ ಬುಟ್ಟಿಗೆ ಹಾಕಿದಳು. ಸಂದಿಯ ಮಣ್ಣಿಗೆ ಕುರ್ಪಿಯ ಮೂಲೆ, ಅದಕ್ಕೂ ಬಾರದ್ದಕ್ಕೆ ಬಳೆ ಸರಿಸಿ ಬೆರಳು.

"ಹೊತ್ತಾತು ಬಿಡ ಯವ್ವಾ. ಇನ್ನೂ ಮೂರು ಹೊಲ ಅದಾವು ನಂದು."

"ಮೂರಕ್ಕೂ ಹಿಂಗ ಹೊತಗೊಂಡು ಹೊಂಟೀ ಹೌದಿಲ್ಲೋ?"

ಹುಡುಗನಿಗೆ ಏನು ಹೊತ್ತುಕೊಂಡೆ ಅಂತ ತಿಳಿಯಲಿಲ್ಲ. ಇಳಿದು ಬಂದು ನೋಡಿದ. ದೊಡ್ಡವ್ವ ಕೈಯಲ್ಲಿದ್ದ ಹೆಂಟೆಯನ್ನು ಎರಡು ಹೋಳು ಮಾಡಿ ಅವನ ಮುಂದೆ ಹಿಡಿದಳು. ಒಳಗಿನ ತೇವದಲ್ಲಿ ನೂಲಿನಂಥ ಬೇರು, ತುದಿಗೆ ಇನ್ನೂ ಬಿಚ್ಚದ ಎರಡು ಎಲೆ. ಸಿಪ್ಪೆ ಒಂದು ಎಲೆಯ ತುದಿಗೆ ಇನ್ನೂ ಅಂಟಿಕೊಂಡೇ ಇತ್ತು.

"ಆ ಕಡೀ ಗಾಲಿ ಬಾಕಿ ಐತಿ," ಅಂದಳು. ಹುಡುಗ ಟೂಲ್ ಬಾಕ್ಸಿನಿಂದ ಸ್ಕ್ರೂಡ್ರೈವರ್ ತಂದು ಆಚೆ ಬದಿಗೆ ಕೂತ.